ಪ್ರಮಾಣಿಸಿ ನೋಡು

ಮೂವತ್ತೈದು ವರ್ಷಗಳ ಕಾಲ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದವನು ಒಂದು ದಿನ ಅಂಥದೇ ಕೊಠಡಿಯ ಕೊನೆಯ ಬೆಂಚಿನ ಮೇಲೆ ಹೋಗಿ ಕುಳಿತರೆ ಅವನಿಗೆ ಮೊದಲು ಕಾಣುವುದೇನು? ನನಗೆ ಕಂಡದ್ದು ಮಕ್ಕಳ ಬೆನ್ನುಗಳು. ಉಪಾಧ್ಯಾಯನಿಗೆ ಮಕ್ಕಳ ಮುಖಗಳ ಪರಿಚಯವಿರುತ್ತದೆ, ಬೆನ್ನುಗಳ ಪರಿಚಯವಿರುವುದಿಲ್ಲ. ಯಾರ ಅಂಗಿಯ ಹೆಗಲಿಗೆ ಬೇರೆ ಬಣ್ಣದ ನೂಲಿನ ಹೊಲಿಗೆ ಬಿದ್ದಿದೆ, ಯಾರ ಜಡೆಯನ್ನು ಅವಸರದಲ್ಲಿ ಹೆಣೆಯಲಾಗಿದೆ, ಯಾರು ಬೆಂಚಿನ ಕೆಳಗೆ ಚಪ್ಪಲಿ ಕಳಚಿ ಕಾಲ ಮೇಲೆ ಕಾಲಿಟ್ಟು ಕುಳಿತಿದ್ದಾರೆ, ಇವೆಲ್ಲ ಮೇಷ್ಟರ ಮೇಜಿನ ಬಳಿಯಿಂದ ಕಾಣುವ ಸಂಗತಿಗಳಲ್ಲ. 2023ನೆಯ ಇಸವಿಯ ಜುಲೈ ತಿಂಗಳ ಒಂದು ಶನಿವಾರ, ನನ್ನ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ನಾನು ಮತ್ತೆ ವಿದ್ಯಾರ್ಥಿಯಾದೆ. ಕಲಿಯಲು ಕುಳಿತ ವಿಷಯ ವ್ಯಾಕರಣವಲ್ಲ, ಗಣಿತವಲ್ಲ, ಚಲನಚಿತ್ರ ತಯಾರಿಕೆ.

ಕಲಿಯಬೇಕೆಂಬ ಹಂಬಲದಿಂದ ನಾನು ಅಲ್ಲಿಗೆ ಹೋದೆನೆಂದರೆ ಸುಳ್ಳಾದೀತು. ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನ ಮನೆ. ನಿವೃತ್ತನಾದ ಮೇಲೆ ಸಂಜೆಯ ನಡಿಗೆ, ನಾಲ್ಕು ಪುಸ್ತಕ, ಮೊಮ್ಮಕ್ಕಳ ಮನೆಪಾಠ, ಇಷ್ಟರಲ್ಲಿ ದಿನ ಸರಿಯುತ್ತಿತ್ತು. ಹತ್ತಿರದ ಪ್ರೌಢಶಾಲೆಯೊಂದರ ತರುಣ ವಿಜ್ಞಾನ ಶಿಕ್ಷಕರು ಒಂದು ಸಂಜೆ ದಾರಿಯಲ್ಲಿ ನನ್ನನ್ನು ನಿಲ್ಲಿಸಿ, “ಸಾರ್, ಶನಿವಾರ ಶಾಲೆ ಬಿಟ್ಟ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಸಿನಿಮಾ ಮಾಡುವುದನ್ನು ಕಲಿಸುತ್ತಿದ್ದೇನೆ. ಅವರ ಬರವಣಿಗೆಯನ್ನು ತಾವು ಬಂದು ತಿದ್ದಿಕೊಡಬೇಕು” ಎಂದರು. ನನಗೆ ಒಳಗೊಳಗೇ ನಗು ಬಂತು. ನನ್ನ ಕಾಲದ ಮೇಷ್ಟರುಗಳಿಗೂ ಸಿನಿಮಾಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧ. ಮಧ್ಯಾಹ್ನದ ಆಟಕ್ಕೆ ಕದ್ದು ಹೋದ ಹುಡುಗರನ್ನು ಮರುದಿನ ಎಬ್ಬಿಸಿ ನಿಲ್ಲಿಸಿ ವಿಚಾರಣೆ ನಡೆಸಿದವನು ನಾನು. ಆದರೂ ತಿದ್ದುವ ಕೆಲಸವೆಂದರೆ ಮೇಷ್ಟರು ಬೇಡವೆನ್ನಲಾರರು. ಕೆಂಪು ಶಾಯಿಯ ಲೇಖನಿಯೊಂದನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟೆ.

ಸಿನಿಮಾದ ಮೇಲೆ ನನಗೆ ಬರಿಯ ಹಗೆಯೇ ಇತ್ತೆಂದರೆ ಅದೂ ಅರ್ಧ ಸತ್ಯ. ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ ಸಮೀಪದ ಹಳ್ಳಿಯಲ್ಲಿ ನಾನು ಹುಟ್ಟಿ ಬೆಳೆದದ್ದು. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಪಕ್ಕದ ಊರಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. 1968ರ ಸುಮಾರಿಗೆ ಅಲ್ಲಿ ‘ಸತ್ಯ ಹರಿಶ್ಚಂದ್ರ’ವನ್ನು ನೋಡಿದೆ. 1965ರಲ್ಲಿ ತಯಾರಾದ ಆ ಚಿತ್ರ ನಮ್ಮ ಸೀಮೆಯ ಗುಡಾರಕ್ಕೆ ಬರುವಷ್ಟರಲ್ಲಿ ಸವೆದು, ಗೀಚಿ, ಅಲ್ಲಲ್ಲಿ ತುಂಡಾಗಿತ್ತು. ರಾಜಕುಮಾರರ ಹರಿಶ್ಚಂದ್ರ ಸ್ಮಶಾನದಲ್ಲಿ ನಿಂತಿದ್ದಾಗ ರೀಲು ಕಡಿದು ಕತ್ತಲೆಯಾಯಿತು. ಮರುದಿನ ಬೆಳಗ್ಗೆ ಗುಡಾರದ ಹಿಂದೆ ಬಿದ್ದಿದ್ದ ತುಂಡು ರೀಲನ್ನು ಹೆಕ್ಕಿ ತಂದು ಬಿಸಿಲಿಗೆ ಹಿಡಿದು ನೋಡಿದೆ. ಹತ್ತು ಹನ್ನೆರಡು ಪುಟ್ಟ ಚಿತ್ರಗಳು. ಎಲ್ಲವೂ ಒಂದೇ ಥರ! ಮೋಸ ಹೋದೆನೆಂದು ಅದನ್ನು ಗೆಳೆಯನೊಬ್ಬನಿಗೆ ಎರಡು ಗೋಲಿಗಳಿಗೆ ಮಾರಿಬಿಟ್ಟೆ.

ಅಂದು ನನಗೆ ತಿಳಿಯದೆ ಹೋದದ್ದನ್ನು ವಿಜ್ಞಾನದ ಮೇಷ್ಟರು ಮೊದಲನೆಯ ಶನಿವಾರವೇ ಬಿಡಿಸಿ ಹೇಳಿದರು. ಆ ಚಿತ್ರಗಳು ಒಂದೇ ಥರ ಕಂಡರೂ ಒಂದೇ ಅಲ್ಲ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಒಂದು ಸೆಕೆಂಡಿನಲ್ಲಿ ಅಂಥ 24 ಚಿತ್ರಗಳು ಕಣ್ಣ ಮುಂದೆ ಸರಿದರೆ ನಮ್ಮ ಕಣ್ಣೂ ಮಿದುಳೂ ಸೇರಿ ಅವುಗಳನ್ನು ಬೆಸೆದು ಚಲನೆಯನ್ನಾಗಿ ಕಾಣುತ್ತವೆ. ಪರದೆಯ ಮೇಲೆ ಏನೂ ಚಲಿಸುವುದಿಲ್ಲ. ಚಲಿಸುವಂತೆ ಕಾಣುವುದು ನೋಡುವವನಲ್ಲಿ. 1895ರ ಡಿಸೆಂಬರ್ 28ರಂದು ಪ್ಯಾರಿಸ್ ನಗರದಲ್ಲಿ ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಜನರಿಗೆ ಇಂಥ ಚಿತ್ರಗಳನ್ನು ತೋರಿಸಿದರು. ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ದೃಶ್ಯ ಅವುಗಳಲ್ಲೊಂದು. ಒಂದೊಂದು ಚಿತ್ರ ಒಂದು ನಿಮಿಷವೂ ಇರಲಿಲ್ಲ. ಮರುವರ್ಷ, 1896ರ ಜುಲೈ 7ರಂದು, ಆ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಬೇರೂರಿಸಿದವರು ದಾದಾಸಾಹೇಬ್ ಫಾಲ್ಕೆ. 1912ರಲ್ಲಿ ಅವರು ಲಂಡನ್ನಿಗೆ ಹೋಗಿ ಕೆಲಸ ಕಲಿತು, ಕ್ಯಾಮೆರಾ ತರಿಸಿಕೊಂಡರು. ಮೊದಲು ಚಿತ್ರಿಸಿದ್ದು ರಾಜನನ್ನಲ್ಲ, ರಾಣಿಯನ್ನಲ್ಲ. ಕುಂಡದಲ್ಲಿ ನೆಟ್ಟ ಬಟಾಣಿ ಕಾಳನ್ನು. ದಿನವೂ ಕ್ಯಾಮೆರಾದ ಮುಂದೆ ಆ ಕುಂಡವನ್ನಿಟ್ಟು ಒಂದೊಂದೇ ಚಿತ್ರ ತೆಗೆದು, ಬೀಜ ಮೊಳೆತು ಬಳ್ಳಿಯಾಗುವುದನ್ನು ನೋಡನೋಡುತ್ತಿದ್ದಂತೆ ನಡೆಯುವ ಪವಾಡವೆಂಬಂತೆ ತೋರಿಸಿದರು. ಅದನ್ನು ಕಂಡು ನಂಬಿದವರಿಂದ ದುಡ್ಡು ಹುಟ್ಟಿತು. ಹೆಂಡತಿ ಸರಸ್ವತೀಬಾಯಿಯವರ ಒಡವೆಗಳೂ ಒತ್ತೆಯಾದವು. 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ನಟಿಸಲು ಹೆಂಗಸರು ಮುಂದೆ ಬಾರದೆ ಇದ್ದುದರಿಂದ ತಾರಾಮತಿಯ ಪಾತ್ರವನ್ನು ಉಪಾಹಾರಗೃಹವೊಂದರಲ್ಲಿ ಕೆಲಸಕ್ಕಿದ್ದ ಯುವಕ ವಹಿಸಿದನಂತೆ. ನಮ್ಮ ಹಳ್ಳಿಯ ಗುಡಾರದ ಹರಿಶ್ಚಂದ್ರನಿಗೆ ಹೀಗೊಬ್ಬ ಹಿರಿಯಣ್ಣನಿದ್ದಾನೆಂಬುದು ನನಗೆ ಆ ಕೊನೆಯ ಬೆಂಚಿನಲ್ಲಿ ಕುಳಿತಾಗಲೇ ಗೊತ್ತಾದದ್ದು.

ಫಾಲ್ಕೆಯವರ ಪ್ರಯೋಗವನ್ನು ನಮ್ಮ ತರಗತಿಯೂ ಮಾಡಿತು. ಚಹಾದ ಲೋಟದಲ್ಲಿ ಮಣ್ಣು ತುಂಬಿ ಹೆಸರುಕಾಳು ಬಿತ್ತಿ, ಕಿಟಕಿಯ ಬಳಿ ಮೊಬೈಲನ್ನು ಕದಲದಂತೆ ನಿಲ್ಲಿಸಲು ಇಟ್ಟಿಗೆಯ ಗೂಡು ಕಟ್ಟಿ, ಗಂಟೆಗೊಬ್ಬರಂತೆ ಸರದಿಯ ಮೇಲೆ ಚಿತ್ರ ತೆಗೆದರು. ಎಲ್ಲವನ್ನೂ ಜೋಡಿಸಿ ನೋಡಿದಾಗ ಮೊಳಕೆ ತಲೆಯೆತ್ತಿ, ಎಲೆ ಬಿಚ್ಚಿ, ನಡುವೆ ಒಮ್ಮೆ ಕಪ್ಪೆಯಂತೆ ಜಿಗಿಯಿತು! ಕಾರಣ ವಿಚಾರಿಸಿದರೆ ಆ ದಿನ ಭಾನುವಾರ. ಶಾಲೆಗೆ ಬೀಗ ಬಿದ್ದಿತ್ತು. ಮೊಳಕೆಗೆ ರಜೆ ಇರಲಿಲ್ಲ.

ಎರಡನೆಯ ಪಾಠ ಚೌಕಟ್ಟಿನದು. ಕ್ಯಾಮೆರಾ ಮುಟ್ಟುವುದಕ್ಕೆ ಮೊದಲು ಮೇಷ್ಟರು ಎಲ್ಲರಿಗೂ ಹಳೆಯ ನೋಟುಪುಸ್ತಕದ ರಟ್ಟನ್ನು ಕೊಟ್ಟು, ನಡುವೆ ಅಂಗೈಯಗಲದ ಕಿಂಡಿ ಕತ್ತರಿಸಲು ಹೇಳಿದರು. ಅದರೊಳಗಿಂದ ಲೋಕವನ್ನು ನೋಡಬೇಕು. ಕಿಂಡಿಯಲ್ಲಿ ಏನನ್ನು ಇಟ್ಟುಕೊಳ್ಳುತ್ತೇವೆ, ಏನನ್ನು ಹೊರಗೆ ಬಿಡುತ್ತೇವೆ ಎಂಬುದನ್ನು ಬರೆದುಕೊಳ್ಳಬೇಕು. ಮಕ್ಕಳು ರಟ್ಟು ಹಿಡಿದು ಅಂಗಳದ ತುಂಬ ಓಡಾಡಿದರು. ನಾನೂ ಹಿಡಿದು ನಿಂತೆ. ಗೇಟಿನ ಬಳಿ ಒಬ್ಬಾಕೆ ಕುಳಿತು ಬೋರೆಹಣ್ಣು ಮಾರುತ್ತಿದ್ದಳು. ಕಿಂಡಿಯನ್ನು ಕೊಂಚ ಎಡಕ್ಕೆ ಸರಿಸಿದರೆ ಅವಳೊಬ್ಬಳೇ. ಬಲಕ್ಕೆ ಸರಿಸಿದರೆ ಅವಳ ಮಗ್ಗುಲಲ್ಲಿ ಗೋಣಿಚೀಲದ ಮೇಲೆ ಮಲಗಿದ ಕೂಸು. ಎರಡು ಅಂಗುಲದ ವ್ಯತ್ಯಾಸದಲ್ಲಿ ಎರಡು ಬೇರೆ ಕಥೆಗಳು!

ಬಳ್ಳಾರಿಯವರಾದ ನಾವು ನಾಟಕದ ಜನ. ವೃತ್ತಿಯಿಂದ ವಕೀಲರಾಗಿದ್ದು ಕನ್ನಡ, ತೆಲುಗು ಎರಡೂ ರಂಗಭೂಮಿಗಳಲ್ಲಿ ಹೆಸರಾದ ಬಳ್ಳಾರಿ ರಾಘವರು (1880–1946) ಬಾಳಿದ ಊರು ಇದು. 1939ರಲ್ಲಿ ತೆರೆಕಂಡ ‘ರೈತು ಬಿಡ್ಡ’ದಂಥ ತೆಲುಗು ವಾಕ್‌ಚಿತ್ರಗಳಲ್ಲಿಯೂ ಅವರು ಅಭಿನಯಿಸಿದರು. ನಾಟಕದಲ್ಲಿ ಪ್ರೇಕ್ಷಕನಿಗೆ ಒಂದು ಕುರ್ಚಿ ಸಿಕ್ಕರೆ ಪರದೆ ಬೀಳುವವರೆಗೆ ಅದೇ ಅವನ ನೆಲೆ. ಚಲನಚಿತ್ರದಲ್ಲಿ ಹಾಗಲ್ಲ, ಕ್ಯಾಮೆರಾ ಪ್ರೇಕ್ಷಕನ ಕೈ ಹಿಡಿದು ಒಮ್ಮೆ ದೂರಕ್ಕೆ, ಒಮ್ಮೆ ಹತ್ತಿರಕ್ಕೆ, ಒಮ್ಮೆ ಮೇಲಕ್ಕೆ, ಒಮ್ಮೆ ನೆಲಕ್ಕೆ ಕರೆದೊಯ್ಯುತ್ತದೆ. “ಹಾಗಾದರೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದು ಹೇಗೆ?” ಎಂದು ಒಬ್ಬ ಹುಡುಗ ಕೇಳಿದ. ಮೇಷ್ಟರು ಉತ್ತರ ಹೇಳದೆ, “ಕುಂಬಾರ ಗುಡ್ಡವನ್ನು ನೋಡಿದ್ದೀರಾ?” ಎಂದರು. ನಮ್ಮೂರಿನ ಆ ಗುಡ್ಡ ತಕ್ಕ ಕಡೆಯಿಂದ ನೋಡಿದರೆ ಮಲಗಿದ ಮನುಷ್ಯನ ಮುಖದಂತೆ ಕಾಣುತ್ತದೆ. ಬೇರೆ ಕಡೆಯಿಂದ ಅದು ಬರಿಯ ಬಂಡೆಗಳ ರಾಶಿ. “ಗುಡ್ಡ ತಿರುಗುವುದಿಲ್ಲ. ಮುಖ ಕಾಣಬೇಕಾದರೆ ನಾವೇ ನಡೆದು ಆ ಜಾಗಕ್ಕೆ ಹೋಗಬೇಕು” ಎಂದರು ಅವರು. ಆ ಮಾತನ್ನು ನಾನು ಚೆಂದದ ಉಪಮೆಯೆಂದು ಮೆಚ್ಚಿಕೊಂಡೆನೇ ಹೊರತು ಅದು ನನಗೇ ಹೇಳಿದ್ದೆಂದು ಆಗ ಹೊಳೆಯಲಿಲ್ಲ.

ಮೂರನೆಯ ವಾರ ನನ್ನ ಕೆಂಪು ಶಾಯಿಗೆ ಕೆಲಸ ಬಂತು. ತಮ್ಮ ಚಿತ್ರದ ಕಥೆಯನ್ನು ಬರೆದು ತರಲು ಮಕ್ಕಳಿಗೆ ಹೇಳಲಾಗಿತ್ತು. ಮುಂದಿನ ಸಾಲಿನ ತುದಿಯಲ್ಲಿ ಕುಳಿತುಕೊಳ್ಳುವ, ಹೆಚ್ಚು ಮಾತನಾಡದ ಒಬ್ಬ ಹುಡುಗಿಯ ಬರವಣಿಗೆ ನನಗೆ ಬಹಳ ಹಿಡಿಸಿತು. “ನೀರು ಸಕಲ ಜೀವಿಗಳ ಪ್ರಾಣಾಧಾರ. ನೀರಿಲ್ಲದೆ ಬದುಕಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ನೀರನ್ನು ಮಿತವಾಗಿ ಬಳಸಬೇಕು” ಎಂದು ಆರಂಭವಾಗಿ ಎರಡು ಪುಟ ಸಾಗಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ‘ಬಹಳ ಚೆನ್ನಾಗಿದೆ’ ಎಂದು ಬರೆದು ಕೊಟ್ಟೆ.

ವಿಜ್ಞಾನದ ಮೇಷ್ಟರು ಅದನ್ನು ಓದಿ, “ಭಾಷೆ ಚೆನ್ನಾಗಿದೆಯಮ್ಮ. ಆದರೆ ‘ಪ್ರಾಣಾಧಾರ’ ಎಂಬುದನ್ನು ಕ್ಯಾಮೆರಾದ ಮುಂದೆ ಹೇಗೆ ಇಡುತ್ತೀಯಾ?” ಎಂದರು. ಹುಡುಗಿ ಸುಮ್ಮನೆ ನಿಂತಳು. ನಾನೂ ಸುಮ್ಮನಾದೆ. ಅವರು ಮುಂದುವರಿಸಿದರು: “ನಿಮ್ಮ ಮನೆಗೆ ನೀರು ಹೇಗೆ ಬರುತ್ತದೆ?”

“ಬೀದಿ ನಲ್ಲೀಲಿ ಬರುತ್ತೆ ಸಾರ್. ವಾರಕ್ಕೊಂದು ಸಲ. ಬೇಸಿಗೆಯಲ್ಲಿ ಇನ್ನೂ ತಡ.”

“ಎಷ್ಟು ಹೊತ್ತಿಗೆ?”

“ಹೇಳೋಕಾಗಲ್ಲ ಸಾರ್. ಹೆಚ್ಚಾಗಿ ರಾತ್ರಿ ಎರಡು ಗಂಟೆ, ಮೂರು ಗಂಟೆಗೆ. ಮೊದಲು ಎಚ್ಚರವಾದೋರು ಎಲ್ಲರ ಬಾಗಿಲು ಬಡೀತಾರೆ.”

“ಆಗ ನೀನು ಏನು ಮಾಡುತ್ತೀಯಾ?”

“ಕೊಡ ಹೊರತೀನಿ.”

“ಇದನ್ನು ಬರೆದುಕೊಂಡು ಬಾ” ಎಂದರು ಮೇಷ್ಟರು.

ನನ್ನ ಕೆಂಪು ಶಾಯಿಯ ‘ಬಹಳ ಚೆನ್ನಾಗಿದೆ’ ಆ ಕಾಗದದ ಮೇಲೆ ಪೆಚ್ಚಾಗಿ ಕುಳಿತಿತ್ತು. ವರ್ಷಗಟ್ಟಲೆ ನಾನು ಮಕ್ಕಳಿಂದ ‘ನೀರಿನ ಮಹತ್ವ’, ‘ಶ್ರಮದ ಹಿರಿಮೆ’, ‘ತಾಯಿಯ ಪ್ರೀತಿ’ ಎಂದು ಪ್ರಬಂಧಗಳನ್ನು ಬರೆಯಿಸಿದ್ದೆ. ನಿಮ್ಮ ಮನೆಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಒಬ್ಬರನ್ನೂ ಕೇಳಿರಲಿಲ್ಲ. ತುಂಗಭದ್ರೆಯ ನೀರು ಕಾಲುವೆಯಲ್ಲಿ ಹರಿದು, ಅಲ್ಲೀಪುರದ ಕೆರೆಯಲ್ಲಿ ನಿಂತು, ಕೊಳವೆಗಳಲ್ಲಿ ಸಾಗಿ ಊರಿಗೆ ಬರುತ್ತದೆಂಬುದನ್ನು ನಾನು ಬಲ್ಲೆ. ಕೊನೆಯ ಕೊಳವೆಯಿಂದ ಮನೆಯ ಡ್ರಮ್ಮಿನವರೆಗಿನ ಇಪ್ಪತ್ತು ಮಾರು ದಾರಿಯನ್ನು ಯಾರು ಕ್ರಮಿಸುತ್ತಾರೆಂಬುದನ್ನು ಬಲ್ಲವನಾಗಿರಲಿಲ್ಲ. ಅಂದಿನಿಂದ ಲೇಖನಿಯನ್ನು ಮನೆಯಲ್ಲಿಯೇ ಬಿಟ್ಟು ಬಂದೆ. ಮಕ್ಕಳು ‘ಸಾರ್’ ಎನ್ನುವುದನ್ನು ಬಿಟ್ಟು ‘ತಾತ’ ಎನ್ನತೊಡಗಿದ್ದೂ ಆ ವಾರದಿಂದಲೇ.

ಆಮೇಲಿನದು ಸಂಕಲನದ ಪಾಠ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾ ದೇಶದ ಲೆವ್ ಕುಲೆಷೋವ್ ಎಂಬ ನಿರ್ದೇಶಕರು ಒಂದು ಪ್ರಯೋಗ ಮಾಡಿದರೆಂದು ಚಿತ್ರಕಲೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಭಾವವೇನೂ ಇಲ್ಲದ ನಟನೊಬ್ಬನ ಮುಖದ ಪಕ್ಕದಲ್ಲಿ ಒಮ್ಮೆ ಸಾರಿನ ಬಟ್ಟಲನ್ನೂ, ಒಮ್ಮೆ ಶವಪೆಟ್ಟಿಗೆಯಲ್ಲಿದ್ದ ಮಗುವನ್ನೂ ಜೋಡಿಸಿ ತೋರಿಸಿದರು. ಮುಖ ಒಂದೇ ಆದರೂ ನೋಡಿದವರು ಅಲ್ಲಿ ಹಸಿವು ಕಂಡರು, ಇಲ್ಲಿ ದುಃಖ ಕಂಡರು. ನಮ್ಮ ಮಕ್ಕಳಿಗೆ ಇದು ಆಟವಾಯಿತು. ಒಬ್ಬ ಹುಡುಗನನ್ನು ಗೋಡೆಗೆ ನಿಲ್ಲಿಸಿ ಅವನ ಮುಖವನ್ನು ಚಿತ್ರಿಸಿದರು. ಅದರ ಪಕ್ಕದಲ್ಲಿ ಒಗ್ಗರಣೆ-ಮಿರ್ಚಿಯ ತಟ್ಟೆಯನ್ನಿಟ್ಟರೆ ಅವನು ಹಸಿದವನಾದ, ಅಂಕಪಟ್ಟಿಯನ್ನಿಟ್ಟರೆ ನಪಾಸಾದವನಾದ, ಖಾಲಿ ಮಂಚವನ್ನಿಟ್ಟರೆ ಅಜ್ಜಿಯನ್ನು ಕಳೆದುಕೊಂಡವನಾದ. ಹುಡುಗ ನಕ್ಕು, “ನಾನು ಆಗ ಏನೂ ಯೋಚಿಸ್ತಾ ಇರಲಿಲ್ಲ ಸಾರ್, ಸೆಕೆ ಅಂತ ನಿಂತಿದ್ದೆ” ಎಂದ. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಮೇಷ್ಟರು, “ನಾಳೆ ನಿಮ್ಮ ಮೊಬೈಲಿಗೆ ಯಾವುದೋ ಚಿತ್ರ ಬಂದಾಗ ಈ ಆಟ ನೆನಪಿರಲಿ” ಎಂದಷ್ಟೇ ಹೇಳಿದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ತರಗತಿಯಲ್ಲಿಯೂ ಕೊಟ್ಟಿರಲಿಲ್ಲ.

ಬೆಳಕಿನ ಪಾಠದ ದಿನ ನನಗೆ ಹೆಮ್ಮೆಯ ಸಂಗತಿಯೊಂದು ತಿಳಿಯಿತು. ಗುರುದತ್ತರ ಹಿಂದಿ ಚಿತ್ರಗಳಿಗೆ ಬೆಳಕಿನ ಸೊಬಗನ್ನು ತಂದುಕೊಟ್ಟ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಮೈಸೂರಿನವರು. ಅವರು ಆ ವಿದ್ಯೆಯನ್ನು ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, 1940ರ ದಶಕದಲ್ಲಿ. ಅಂದರೆ ನಮ್ಮ ನಾಡಿನ ತರಗತಿಯೊಂದರಲ್ಲಿ. 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಅವರು ಸ್ಟುಡಿಯೋದ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಗಿನ ಕತ್ತಲೆಗೆ ಒಂದು ಬೆಳಕಿನ ಕೋಲನ್ನು ತಂದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರೂ ಔಷಧ ವಿಜ್ಞಾನವನ್ನು ಓದಿದ ಮೇಲೆ ಪುಣೆಯ ಚಲನಚಿತ್ರ ಸಂಸ್ಥೆಗೆ ಹೋಗಿ ಕಲಿತವರೇ. ಅವರ ‘ಘಟಶ್ರಾದ್ಧ’ 1977ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಹೀಗೆ, ನೋಡುವುದೂ ಕಲಿತು ಪಡೆಯಬಹುದಾದ ವಿದ್ಯೆ. ಬಳ್ಳಾರಿಯಲ್ಲಿ ಇನ್ನಾವುದಕ್ಕೆ ಬಡತನವಿದ್ದರೂ ಬಿಸಿಲಿಗೆ ಬಡತನವಿಲ್ಲ. ನಮ್ಮ ಮಕ್ಕಳು ಕ್ಷೌರದ ಅಂಗಡಿಯಿಂದ ಒಂದು ಕನ್ನಡಿಯನ್ನು ಬೇಡಿ ತಂದು, ಕಾರಿಡಾರಿನ ಕತ್ತಲ ಮೂಲೆಗೆ ಬೆಳಕನ್ನು ಎಳೆದು ತಂದರು.

ಇಷ್ಟಾಗುವ ಹೊತ್ತಿಗೆ ಆ ಹುಡುಗಿ ತನ್ನ ಕಥೆಯನ್ನು ಹೊಸದಾಗಿ ಬರೆದು ತಂದಿದ್ದಳು. ಈ ಸಲ ಅದು ಅರ್ಧ ಪುಟ. ಬಾಗಿಲು ಬಡಿಯುವ ಸದ್ದು, ದೀಪ, ಕೊಡಗಳ ಸಾಲು, ನಲ್ಲಿಯ ಗೊರಗೊರ, ತುಂಬುವ ಡ್ರಮ್ಮು, ಶಾಲೆಯ ಗಂಟೆ, ಬೆಂಚಿನ ಮೇಲೆ ಒರಗಿದ ತಲೆ. ಒಂದೇ ಒಂದು ವಿಶೇಷಣವಿರಲಿಲ್ಲ. ಆದರೆ ಚಿತ್ರ ತೆಗೆಯುವುದಕ್ಕೆ ಅವಳೇ ಹಿಂಜರಿದಳು. ಅವಳ ತಾಯಿ ಮನೆಯಲ್ಲಿ ಹೊಲಿಗೆಯಂತ್ರವಿಟ್ಟುಕೊಂಡು ಜೀನ್ಸ್ ಪ್ಯಾಂಟುಗಳನ್ನು ಹೊಲಿಯುತ್ತಾರೆ. ಬಳ್ಳಾರಿಯ ಜೀನ್ಸ್ ದೇಶದ ಹಲವೆಡೆ ಹೋಗುತ್ತದೆಂದು ನಾವು ಹೆಮ್ಮೆಪಡುತ್ತೇವೆ. ಅದರ ಹೊಲಿಗೆಗಳಲ್ಲಿ ಕೆಲವು ಇಂಥ ಮನೆಗಳ ಒಂಟಿ ದೀಪದ ಕೆಳಗೆ ಬಿದ್ದವು. ತನ್ನ ಮನೆಯನ್ನು, ಹಳೆಯ ಸೀರೆಯುಟ್ಟ ತಾಯಿಯನ್ನು ಗೆಳತಿಯರು ಪರದೆಯ ಮೇಲೆ ನೋಡುತ್ತಾರಲ್ಲ ಎಂಬ ಸಂಕೋಚ ಹುಡುಗಿಗೆ.

“ಮೊದಲು ಅಮ್ಮನನ್ನು ಕೇಳು. ಅವರು ಬೇಡವೆಂದರೆ ಬೇಡ” ಎಂದರು ಮೇಷ್ಟರು. ಮರುವಾರ ಹುಡುಗಿ ಉತ್ತರ ತಂದಳು. “ನನ್ನ ಮುಖ ಬೇಡ, ಕೆಲಸ ಬೇಕಾದರೆ ತೋರಿಸು” ಎಂದಿದ್ದರಂತೆ ತಾಯಿ. ಆ ಒಂದು ಮಾತಿನಿಂದ ಚಿತ್ರಕ್ಕೆ ಅದರ ರೂಪ ಸಿಕ್ಕಿತು. ನೀರು ಬಂದ ರಾತ್ರಿ ಹುಡುಗಿಯ ಅಣ್ಣ ಮೊಬೈಲು ಹಿಡಿದ. ಮುಖಗಳೇ ಇಲ್ಲ, ಕೈಗಳು, ಪಾದಗಳು, ಕೊಡದ ಕತ್ತು, ಸೆರಗಿನ ತುದಿ, ನೆಲದ ಮೇಲೆ ಚೆಲ್ಲಿದ ನೀರಿನಲ್ಲಿ ನಡುಗುವ ಬೀದಿದೀಪ. ತಾಯಿಯ ಅಂಗೈ ಕೊಡದ ಬಾಯಿಯನ್ನು ಮುಚ್ಚಿ, ತುಳುಕುವ ನೀರನ್ನು ತಡೆಯುವ ಒಂದು ದೃಶ್ಯವಿತ್ತು. ನನ್ನ ಶಬ್ದಕೋಶದಲ್ಲಿದ್ದ ‘ಮಿತವ್ಯಯ’ ಎಂಬ ಪದಕ್ಕೆ ಅಂದು ಅರ್ಥ ತುಂಬಿತು.

ಸಂಕಲನಕ್ಕೆ ಕುಳಿತಾಗ ಒಂದು ಚರ್ಚೆ ಎದ್ದಿತು. ಇನ್ನೊಂದು ಗುಂಪಿನ ಹುಡುಗನ ಬಳಿ, ದೊಡ್ಡ ಮನೆಯೊಂದರ ಮುಂದೆ ಪೈಪಿನಿಂದ ನೀರು ಬಿಟ್ಟು ಕಾರು ತೊಳೆಯುವ ದೃಶ್ಯವಿತ್ತು. ತಾಯಿಯ ಅಂಗೈಯ ಪಕ್ಕದಲ್ಲಿ ಅದನ್ನಿಟ್ಟರೆ ನೋಡಿದವರ ರಕ್ತ ಕುದಿಯುತ್ತದೆಂದು ಅವನ ವಾದ. ಹಲವರಿಗೆ ಹಿಡಿಸಿತು, ನನಗೂ ಹಿಡಿಸಿತು. ಮೇಷ್ಟರು ಕೇಳಿದರು: “ಆ ಕಾರು ತೊಳೆದದ್ದು ಅದೇ ದಿನವೇ? ಅದೇ ಬೀದಿಯೇ? ಅದು ನಲ್ಲಿಯ ನೀರೇ?” ವಿಚಾರಿಸಿದರೆ ದಿನ ಬೇರೆ, ಬಡಾವಣೆ ಬೇರೆ, ಆ ಮನೆಯಲ್ಲಿ ಸ್ವಂತ ಬೋರ್‌ವೆಲ್ ಇತ್ತು. ಕೊನೆಗೆ ಆ ಹುಡುಗಿಯೇ, “ಬೇಡ ಸಾರ್. ನಾವು ನೀರು ಹೊರೋದು ನಿಜ. ಅದಕ್ಕೆ ಸುಳ್ಳಿನ ಆಸರೆ ಯಾಕೆ?” ಎಂದಳು. ಗುಂಪು ಸುಮ್ಮನಾಯಿತು.

ಉಳಿದದ್ದು ಒಂದೇ ದೃಶ್ಯ: ಬೆಂಚಿನ ಮೇಲೆ ಒರಗಿದ ತಲೆ. ಹುಡುಗಿ ತಾನೇ ಮಲಗಬೇಕಾದ್ದರಿಂದ ಕ್ಯಾಮೆರಾ ಹಿಡಿಯಲು ಬೇರೆಯವರು ಬೇಕಾಯಿತು. ಅವಳು ನನ್ನತ್ತ ತಿರುಗಿ, “ತಾತ, ನೀವು ಹಿಡೀರಿ. ಕೈ ನಡುಗಿದರೆ ಬೆಂಚಿನ ಮೇಲೆ ಊರಿ” ಎಂದಳು.

ನಾನು ಮೊಬೈಲು ಹಿಡಿದು, ರೂಢಿಯ ಬಲದಿಂದ, ಕರಿಹಲಗೆಯ ಬಳಿ ಹೋಗಿ ನಿಂತೆ. ಚಿತ್ರ ತೆಗೆದು ಎಲ್ಲರೂ ನೋಡಿದೆವು. ಮೇಲಿನಿಂದ ಕಂಡ ಹುಡುಗಿ ಚಿಕ್ಕವಳಾಗಿ, ಬೆಂಚು ಕಟಕಟೆಯಾಗಿ, ನಿದ್ದೆ ಅಪರಾಧವಾಗಿತ್ತು. “ತಾತ, ಇದು ಮೇಷ್ಟ್ರು ಬಯ್ಯೋಕೆ ಬರ್ತಿರೋ ಹಾಗಿದೆ” ಎಂದ ಒಬ್ಬ ಹುಡುಗ. ಮಕ್ಕಳು ನಕ್ಕರು. ನನಗೆ ನಗಲಾಗಲಿಲ್ಲ.

1991ರಲ್ಲಿ ನಾನು ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದೆ. ಮೊದಲನೆಯ ಪಿರಿಯಡ್ಡಿನಲ್ಲಿಯೇ ತೂಕಡಿಸುವ ಹುಡುಗನೊಬ್ಬನಿದ್ದ. ಅವನಿಗೆ ‘ಕುಂಭಕರ್ಣ’ ಎಂದು ಹೆಸರಿಟ್ಟವನು ನಾನೇ. ಇಡೀ ತರಗತಿ ನಗುತ್ತಿತ್ತು. ನನ್ನ ವಿನೋದಕ್ಕೆ ನಾನೇ ಬೀಗುತ್ತಿದ್ದೆ. ಒಂದು ದಿನ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ನಿಂತಲ್ಲಿಯೇ ತೂಕಡಿಸಿ ಬಿದ್ದು ಮೊಣಕೈ ಕೆತ್ತಿಕೊಂಡ. ಮರುವಾರದಿಂದ ಶಾಲೆಗೆ ಬರಲಿಲ್ಲ. ತಿಂಗಳುಗಳ ಮೇಲೆ ಯಾರೋ ಹೇಳಿದರು: ಕಾಲುವೆಯ ನೀರು ಅವರ ಗದ್ದೆಗೆ ಬರುತ್ತಿದ್ದುದು ರಾತ್ರಿಯ ಪಾಳಿಯಲ್ಲಿ, ತಂದೆಗೆ ಕಾಯಿಲೆಯಾಗಿ, ಲಾಟೀನು ಹಿಡಿದು ನೀರು ಕಟ್ಟುತ್ತಿದ್ದವನು ಆ ಹುಡುಗ. ಅವನು ನನಗೇಕೆ ಹೇಳಲಿಲ್ಲ? ಹೇಳುವುದಕ್ಕೆ ನಾನು ಕೇಳಿದ್ದಾದರೂ ಯಾವಾಗ? ಅವನು ಮಲಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಪ್ರತ್ಯಕ್ಷ ಕಂಡಿದ್ದೆ, ಪ್ರಮಾಣಿಸಿ ನೋಡಿರಲಿಲ್ಲ.

“ತಾತ, ಇನ್ನೊಂದು ಸಲ ತೆಗೆಯೋಣ” ಎಂದಳು ಹುಡುಗಿ. ನಾನು ಮೆಲ್ಲನೆ ನಡೆದು ಅವಳ ಬೆಂಚಿನ ಬಳಿಗೆ ಬಂದೆ. ಮಂಡಿನೋವಿದ್ದರೂ ನೆಲದ ಮೇಲೆ ಕುಳಿತೆ. ಮೊಬೈಲನ್ನು ಬೆಂಚಿನ ಮಟ್ಟಕ್ಕೆ ಹಿಡಿದೆ. ಈಗ ಅವಳ ಮುಖವೂ ನನ್ನ ಕಣ್ಣೂ ಒಂದೇ ಎತ್ತರದಲ್ಲಿದ್ದವು. ಕೊಡ ಹೊತ್ತು ಕೆಂಪಾದ ಅಂಗೈ ಕೆನ್ನೆಯ ಕೆಳಗಿತ್ತು. ಪಕ್ಕದಲ್ಲಿ ತೆರೆದಿಟ್ಟ ಪುಸ್ತಕ. ಕನ್ನಡಿ ಹಿಡಿದ ಹುಡುಗರು ಒಂದು ತುಣುಕು ಬೆಳಕನ್ನು ಅವಳ ಕೈಮೇಲೆ ಬೀಳಿಸಿದರು. ಹುಡುಗಿ ಅದೇ, ಬೆಂಚು ಅದೇ, ನಿದ್ದೆ ಅದೇ. ಬದಲಾದದ್ದು ನಾನು ನಿಂತ ಜಾಗ ಒಂದೇ. ಕುಂಬಾರ ಗುಡ್ಡಕ್ಕೆ ಮುಖ ಮೂಡಿದಂತಾಯಿತು.

ನವೆಂಬರ್ ತಿಂಗಳಲ್ಲಿ ಶಾಲೆಯ ಸಭಾಂಗಣದಲ್ಲಿ ಬಿಳಿಯ ಪಂಚೆಯೊಂದನ್ನು ಕಟ್ಟಿ ಮಕ್ಕಳ ಚಿತ್ರಗಳನ್ನು ತೋರಿಸಿದರು. ಹುಡುಗಿಯ ಚಿತ್ರ ನಾಲ್ಕು ನಿಮಿಷದ್ದು. ಹಿನ್ನೆಲೆಯಲ್ಲಿ ಸಂಗೀತವಿರಲಿಲ್ಲ; ನಲ್ಲಿಯ ಸದ್ದೇ ಸಂಗೀತ. ಅವಳ ತಾಯಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ತಮ್ಮ ಕೈಗಳು ಗೋಡೆಯಗಲ ಕಂಡಾಗ ಅವರು ಮಡಿಲಲ್ಲಿದ್ದ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಚಿತ್ರ ಮುಗಿದು ದೀಪ ಹತ್ತಿದಾಗ, ಬೆಳಗಿನ ಮೊದಲನೆಯ ಪಿರಿಯಡ್ಡು ತೆಗೆದುಕೊಳ್ಳುವ ಉಪಾಧ್ಯಾಯಿನಿಯೊಬ್ಬರು ಹುಡುಗಿಯ ಬಳಿ ಹೋಗಿ ಏನನ್ನೋ ಮೆಲ್ಲಗೆ ಹೇಳಿ ತಲೆ ಸವರಿದರು. ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ನಾನು ವಿಚಾರಿಸಲೂ ಇಲ್ಲ. ನೀರು ಈಗಲೂ ರಾತ್ರಿಯೇ ಬರುತ್ತದಂತೆ. ನಾಲ್ಕು ನಿಮಿಷದ ಚಿತ್ರದಿಂದ ಕೊಳವೆಯ ನೀರಿನ ಹೊತ್ತು ಬದಲಾಗುವುದಿಲ್ಲ. ಆದರೆ ಬೆಳಗಿನ ತರಗತಿಯಲ್ಲಿ ತಲೆ ಬೆಂಚಿಗೆ ಒರಗಿದರೆ, ಆ ಶಾಲೆಯಲ್ಲಿ ಈಗ ಮೊದಲು ಬರುವುದು ಬೈಗುಳವಲ್ಲ, ಪ್ರಶ್ನೆ: “ರಾತ್ರಿ ನೀರು ಬಂದಿತ್ತೇನಮ್ಮ?”

ಚಿತ್ರದ ಕೊನೆಗೆ ಕೆಲಸ ಮಾಡಿದವರ ಹೆಸರುಗಳು ಬಂದವು. ಕೊನೆಯ ದೃಶ್ಯದ ಛಾಯಾಗ್ರಹಣವೆಂದು ನನ್ನ ಹೆಸರನ್ನು ಹಾಕಿದ್ದರು. ಮುಂದೆ ಮಕ್ಕಳು ಕೊಟ್ಟ ಬಿರುದು: ‘ಕೊನೆಯ ಬೆಂಚಿನ ವಿದ್ಯಾರ್ಥಿ’. ಸನ್ಮಾನದ ಶಾಲುಗಳು ನನ್ನ ಮನೆಯ ಬೀರುವಿನಲ್ಲಿ ಕೆಲವಿವೆ. ಅವುಗಳಲ್ಲಿ ಯಾವುದೂ ನನಗೆ ಇಷ್ಟು ಬೆಚ್ಚಗೆನಿಸಿರಲಿಲ್ಲ.

ಆದರೂ ಒಂದು ಚಿತ್ರ ನನ್ನೊಳಗೆ ತೆಗೆಯದೆ ಉಳಿದುಬಿಟ್ಟಿದೆ. ಅದರಲ್ಲಿ ಕತ್ತಲೆಯ ಗದ್ದೆಯಿದೆ, ಬದುವಿನ ಮೇಲೆ ಲಾಟೀನಿದೆ, ಮೊಣಕಾಲಿನವರೆಗೆ ಕೆಸರಾದ ಹುಡುಗನಿದ್ದಾನೆ. ಅವನಿಗೀಗ ನಲವತ್ತು ದಾಟಿ ಎಷ್ಟೋ ವರ್ಷವಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ಎಂದಾದರೂ ಸಿಕ್ಕರೆ ಅವನಿಗೆ ಬುದ್ಧಿ ಹೇಳುವುದಿಲ್ಲ, ಕಾರಣ ಹೇಳುವುದಿಲ್ಲ. ಅವನ ಪಕ್ಕದಲ್ಲಿ ಕುಳಿತು ಒಂದೇ ಮಾತು ಕೇಳುತ್ತೇನೆ: “ಅಪ್ಪಾ, ಆ ರಾತ್ರಿ ನಿಮ್ಮ ಗದ್ದೆಗೆ ನೀರು ಎಷ್ಟು ಹೊತ್ತಿಗೆ ಬಂತು?”